ಒಡಿಕತ್ತಿ, ತಲವಾರು, ಫಿರಂಗಿ, ಕಠಾರಿ: ಬಾಳೆತೋಟದಲ್ಲಿ ಎರಡು ದಿನ

ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟ ಕತ್ತಿ ನೋಡುವಾಗ ಕಣ್ಣು ಸೀದಾ ಅಲಗಿನ ಮೇಲೆ ಹೋಗುತ್ತದೆ. ಎಷ್ಟು ಉದ್ದ, ಎಷ್ಟು ಬಾಗಿದೆ, ಎಷ್ಟು ಹರಿತ ಇದ್ದಿರಬಹುದು ಅಂತ ಲೆಕ್ಕ ಹಾಕುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ನೋಡಿದವನು. ಕೊಡಗಿನ ಗೆಳೆಯನ ತೋಟದಲ್ಲಿ ಎರಡು ದಿನ ಕತ್ತಿ ಬೀಸಿ ಬಂದ ಮೇಲೆ ಈಗ ನನ್ನ ಕಣ್ಣು ಮೊದಲು ಹಿಡಿಯನ್ನು ಹುಡುಕುತ್ತದೆ.

ಗೊನೆ ಇಳಿಸಿದ ಮೇಲೆ ಬಾಳೆಯ ದಿಂಡನ್ನು ಹೇಗೂ ಕಡಿದು ಹಾಕಲೇಬೇಕು. ಅವನ ತೋಟದಲ್ಲಿ ಅಂಥ ದಿಂಡುಗಳು ಐವತ್ತಕ್ಕೂ ಜಾಸ್ತಿ ಇದ್ದವು. ಯಾವ ಕತ್ತಿ ಹೇಗೆ ಕಡಿಯುತ್ತದೆ ಅಂತ ನೋಡುವ ನಮ್ಮ ಪರೀಕ್ಷೆಗೆ ಅದೇ ಅವಕಾಶ. ತಲವಾರು (ಬಾಗಿದ ಅಲಗಿನ ಕತ್ತಿ), ಫಿರಂಗಿ (ಇಲ್ಲಿ ತೋಪಲ್ಲ, ನೇರ ಅಲಗಿನ ಉದ್ದ ಕತ್ತಿ), ಕಠಾರಿ (ಮುಷ್ಟಿಯಲ್ಲಿ ಹಿಡಿದು ಚುಚ್ಚುವ ಬಾಕು) ಮೂರೂ ಹೊಸದಾಗಿ ಮಾಡಿಸಿದ ಪ್ರತಿಗಳು. ಲೈಸೆನ್ಸ್ ಇರುವ ಸಂಗ್ರಾಹಕರೊಬ್ಬರ ಸ್ವತ್ತು ಅವು, ಎರಡೂ ದಿನ ಅವರು ನಮ್ಮ ಜೊತೆಗೇ ಇದ್ದರು. ಇದನ್ನು ಹೇಳಲೇಬೇಕು: 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಕತ್ತಿ, ಬಾಕುಗಳೂ ಶಸ್ತ್ರದ ಪಟ್ಟಿಯಲ್ಲೇ ಬರುತ್ತವೆ. ಮನೆಗೆಲಸ, ಹೊಲಗೆಲಸದ ಮಚ್ಚು ಕುಡುಗೋಲಿನ ಹಾಗಲ್ಲ. ಹಾಗೆಯೇ 100 ವರ್ಷ ದಾಟಿದ ಆಯುಧವನ್ನು ನಾವು ಯಾವುದಕ್ಕೂ ತಾಗಿಸಲಿಲ್ಲ. ಅವು ನೋಡಲಿಕ್ಕೆ, ತೂಗಲಿಕ್ಕೆ, ಅಳೆಯಲಿಕ್ಕೆ ಮಾತ್ರ. ಗೆಳೆಯನ ಐನ್‌ಮನೆಯ (ಕುಟುಂಬದ ಮೂಲಮನೆಯ) ಹಳೇ ಒಡಿಕತ್ತಿಯನ್ನೂ, ಅಂದರೆ ಕೊಡವರ ಬಾಗಿದ ಕತ್ತಿಯನ್ನೂ, ಪರೀಕ್ಷೆಗೆ ಬಳಸಲಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ತೊಳೆದು, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುವ ಕತ್ತಿ ಅದು. ಮದುವೆಗಳಲ್ಲಿ ಬಾಳೆ ಕಡಿಯುವುದಕ್ಕೆ ಅಂತ ಇಟ್ಟುಕೊಂಡ ಹೊಸದೊಂದಿತ್ತು, ಅದನ್ನೇ ತೆಗೆದುಕೊಂಡೆವು.

ಹೋಲಿಸಲು ಒಂದು ಆಧಾರ ಬೇಕಲ್ವಾ? ಅದಕ್ಕೆ ತೋಟದ ಮಚ್ಚನ್ನೂ ಸಾಲಿನಲ್ಲಿ ಇಟ್ಟೆವು.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗಲೇ ಮೊದಲ ಅಚ್ಚರಿ. ಸಿನಿಮಾದಲ್ಲಿ ನೋಡಿ ನಾವು ಕತ್ತಿ ಅಂದರೆ ಭಾರ ಅಂದುಕೊಂಡಿರುತ್ತೇವೆ. ಮಚ್ಚು 700 ಗ್ರಾಂ. ಒಡಿಕತ್ತಿ 850. ಮುಕ್ಕಾಲು ಮೀಟರು ಉದ್ದದ ಅಲಗಿನ ತಲವಾರು ಬರೀ 1,050 ಗ್ರಾಂ. ಅದಕ್ಕಿಂತ ಉದ್ದದ ಫಿರಂಗಿ 1,250. ಕಠಾರಿ ಅರ್ಧ ಕಿಲೋ. ಕೈಗೆ ಬರುವ ಭಾರ ಮಾತ್ರ ಈ ಲೆಕ್ಕದ ಹಾಗೆ ಇರುವುದಿಲ್ಲ. 850 ಗ್ರಾಮಿನ ಒಡಿಕತ್ತಿ ಕೈಗೆ ತಲವಾರಿಗಿಂತ ಭಾರ ಅನ್ನಿಸಿತು, ಯಾಕೆಂದರೆ ಅದರ ತೂಕವೆಲ್ಲ ಮುಂದೆ ಇದೆ.

ಮೊದಲು ಅದನ್ನೇ ಹಿಡಿದೆ. ಒಡಿಕತ್ತಿ ನೋಡದವರಿಗೆ ಹೇಳಬೇಕೆಂದರೆ, ಅಲಗು ಮುಂದಕ್ಕೆ ಬಾಗಿರುತ್ತದೆ, ನಡುವಿನಿಂದಾಚೆ ಅಗಲವಾಗುತ್ತ ಹೋಗುತ್ತದೆ, ಹರಿತ ಇರುವುದು ಒಳಬಾಗಿನ ಕಡೆ. ತಲವಾರಿಗೆ ಪೂರ್ತಿ ಉಲ್ಟಾ. ಒಡಿಕತ್ತಿಗೆ ಒರೆ ಇಲ್ಲ. ಕುಪ್ಯ ಅನ್ನುವ ಉದ್ದ ಕೋಟಿನ ಮೇಲೆ ಚೇಲೆ, ಅಂದರೆ ಸೊಂಟಪಟ್ಟಿ, ಕಟ್ಟಿ, ಬೆನ್ನ ಹಿಂದೆ ತೊಡಂಗ್ ಅನ್ನುವ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುತ್ತಾರೆ. ಕೈ ಹಿಂದಕ್ಕೆ ಹೋದರೆ ಹಿಡಿ ಸಿಗುತ್ತದೆ, ಎಳೆದ ಕೈ ಮೇಲಿಂದ ಇಳಿಯುವಾಗಲೇ ಏಟು. ಕೈಗೆ ಕಾವಲು ಅನ್ನುವುದು ಏನೂ ಇಲ್ಲ. ಹಿಡಿಯ ತುದಿ ಮಾತ್ರ ಅಗಲವಾಗಿ ಅರಳಿದೆ, ಬೀಸಿದಾಗ ಕೈಯಿಂದ ಜಾರಿ ಹೋಗಬಾರದು ಅಂತ.

ಮೊದಲ ಮೂರು ಏಟು ಸರಿಯಾಗಲಿಲ್ಲ. ದಿಂಡಿನ ಮುಕ್ಕಾಲು ಭಾಗಕ್ಕೆ ಹೋಗಿ ನಿಂತಿತು. ಗೆಳೆಯನ ದೊಡ್ಡಪ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎದ್ದು ಬಂದು ನನ್ನ ಬೆರಳುಗಳನ್ನು ಬಿಡಿಸಿದರು. "ಇಷ್ಟು ಬಿಗಿ ಬೇಡಪ್ಪ. ಕಿರುಬೆರಳು, ಪಕ್ಕದ ಬೆರಳು ಎರಡರಲ್ಲಿ ಗಟ್ಟಿ ಹಿಡಿ. ಉಳಿದಿದ್ದು ಸುಮ್ನೆ ಜೊತೆಗಿರಲಿ" ಅಂದರು. ನಾಲ್ಕನೇ ಏಟಿಗೆ ದಿಂಡು ಎರಡಾಯಿತು. ಆಮೇಲೆ ಹತ್ತಕ್ಕೆ ಹತ್ತು. ತಂತ್ರ ಏನೂ ಬೇಡ, ತೋಳು ಇಳಿದ ದಾರಿಯಲ್ಲೇ ಅಲಗು ಇಳಿಯುತ್ತದೆ. ಅಲಗು ಒಳಕ್ಕೆ ಬಾಗಿರುವುದರಿಂದ ದಿಂಡು ತುದಿಯ ಕಡೆ ಜಾರಿ ತಪ್ಪಿಸಿಕೊಳ್ಳುವುದಿಲ್ಲ, ಒಳಗೇ ಸಿಕ್ಕಿಬೀಳುತ್ತದೆ. ಕೊಡಲಿಯ ಏಟು, ಕುಡುಗೋಲಿನ ಹಿಡಿತ ಎರಡೂ ಒಂದರಲ್ಲೇ ಸಿಕ್ಕ ಹಾಗೆ.

ಮಚ್ಚು ಹತ್ತರಲ್ಲಿ ಏಳು ದಿಂಡು ಕಡಿಯಿತು. ಅದು ಕಡಿಮೆ ಏನಲ್ಲ. ದಿನಾ ಕೆಲಸ ಮಾಡುವವರ ಕೈಯಲ್ಲಿ ಇನ್ನೂ ಚೆನ್ನಾಗಿರುತ್ತದೆ. ಆದರೆ ಒಡಿಕತ್ತಿ ಕಡಿದ ಜಾಗ ನುಣ್ಣಗಿತ್ತು, ಮಚ್ಚಿನದು ಪದರ ಪದರವಾಗಿ ಹರಿದಿತ್ತು.

ಈಗ ತಲವಾರಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ನನ್ನ ತಲೆಯಲ್ಲಿದ್ದ ತಪ್ಪೆಲ್ಲ ಇಲ್ಲೇ ಬಯಲಾಯಿತು.

ತಲವಾರಿನ ಹಿಡಿ ಕೈಗೆ ಚಿಕ್ಕದು. ನಾಲ್ಕು ಬೆರಳು ಒತ್ತಿ ಒತ್ತಿ ಕೂರುತ್ತವೆ. ಹಿಂದಿನವರ ಕೈ ಚಿಕ್ಕದಿತ್ತು, ಅದಕ್ಕೇ ಹಿಡಿ ಚಿಕ್ಕದು ಅಂತ ಹೇಳುವವರು ಬಹಳ ಜನ. ನಾನೂ ನಂಬಿದ್ದೆ. ಹಿಡಿಯ ಕೆಳಗೆ ತಟ್ಟೆಯ ಹಾಗೆ ದುಂಡನೆಯ ಬಿಲ್ಲೆ ಇರುತ್ತದೆ. ಬ್ಯಾಟ್ ಬೀಸುವ ಹಾಗೆ ಮಣಿಕಟ್ಟು ತಿರುಗಿಸಿ ಬೀಸಿದರೆ ಆ ಬಿಲ್ಲೆ ಮಣಿಕಟ್ಟಿಗೇ ಬಡಿಯುತ್ತದೆ. ಬೆಳಗಿನ ಹತ್ತು ಏಟಿನಲ್ಲಿ ಸರಿಯಾಗಿ ಕಡಿದದ್ದು ಮೂರು ಮಾತ್ರ. ಮಣಿಕಟ್ಟು ಕೆಂಪಗಾಯಿತು. ಹಿಡಿಯ ಲೆಕ್ಕವೇ ತಪ್ಪಿದೆ ಅಂತ ಅನ್ನಿಸಿತು.

ಮಧ್ಯಾಹ್ನ ಊಟದ ಮೇಲೆ ಸಂಗ್ರಾಹಕರು ಒಂದೇ ಮಾತು ಹೇಳಿದರು: ಬಿಲ್ಲೆ ನೋಯಿಸಿದರೆ ಏಟು ತಪ್ಪು ಅಂತ ಅರ್ಥ. ಮಣಿಕಟ್ಟು ಬಿಟ್ಟು ಭುಜದಿಂದ ಬೀಸಬೇಕು, ಅಲಗು ತಾಗಿದ ಕೂಡಲೇ ಮೊಣಕೈಯನ್ನು ಹಿಂದಕ್ಕೆ ಸೆಳೆಯಬೇಕು. ಕಡಿಯುವುದಕ್ಕಿಂತ ಹೆಚ್ಚಾಗಿ ಕೊಯ್ಯುವ ಕೆಲಸ ಅದು. ಟೊಮೆಟೊ ಹೆಚ್ಚುವಾಗ ಚಾಕುವನ್ನು ಒತ್ತುವುದಿಲ್ಲ, ಎಳೆಯುತ್ತೇವೆ. ಹಾಗೆ. ಬಾಗಿದ ಅಲಗು ಇರುವುದೇ ಅದಕ್ಕೆ. ಸಂಜೆಯ ಹೊತ್ತಿಗೆ ಹತ್ತರಲ್ಲಿ ಎಂಟು ಕಡಿಯಿತು. ಒಂದು ದಿಂಡಂತೂ ಪೂರ್ತಿ ತುಂಡಾದ ಮೇಲೂ ಒಂದು ಕ್ಷಣ ನಿಂತೇ ಇತ್ತು, ಆಮೇಲೆ ಮೆಲ್ಲಗೆ ಜಾರಿತು. ಆ ನೋಟ ಮರೆಯಲು ಆಗುವುದಿಲ್ಲ.

ಆದರೂ ನನ್ನ ಅನುಮಾನ ಹೋಗಲಿಲ್ಲ. ಸುಧಾರಿಸಿದ್ದು ನನ್ನ ಕೈಯೋ, ಹಿಡಿಯ ಗುಣವೋ? ಅದನ್ನು ತಿಳಿಯಲು ಒಂದೇ ದಾರಿ. ಅದೇ ಅಲಗು, ಬೇರೆ ಹಿಡಿ.

ನಮ್ಮ ನಾಡಿನ ಕತ್ತಿಗಳಲ್ಲಿ ಇದು ಸುಲಭ. ತಲವಾರಿನ ಅಲಗಿನಿಂದ ಒಂದು ಗಿಡ್ಡ ಬಾಲ ಹಿಡಿಯೊಳಗೆ ಹೋಗಿರುತ್ತದೆ. ಅದನ್ನು ಹಿಡಿದಿಡುವುದು ಅರಗು, ರಾಳದ ಅಂಟು. ಕಾಯಿಸಿದರೆ ಮೆತ್ತಗಾಗುತ್ತದೆ, ಆರಿದರೆ ಕಲ್ಲು. ರಾತ್ರಿ ಕೆಂಡದ ಮೇಲೆ ಹಿಡಿ ಕಾಯಿಸಿದರು. ಐದು ನಿಮಿಷದಲ್ಲಿ ಅಲಗು ಕೈಗೆ ಬಂತು. ಅದಕ್ಕೆ ಮಚ್ಚಿನ ಹಾಗೆ ಉರುಟಾದ, ಉದ್ದನೆಯ ಮರದ ಹಿಡಿ ಕೂರಿಸಿ, ಕಬ್ಬಿಣದ ಬಳೆ ಹಾಕಿದರು. (ಈ ಅಂಟಿನ ತೊಂದರೆಯನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಒಂದು ಪ್ರತಿಯನ್ನು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದೆ. ತೆಗೆದಾಗ ಹಿಡಿ ಅಲ್ಲಾಡುತ್ತಿತ್ತು. ಬೀಸಿದ್ದರೆ ಅಲಗು ಎಲ್ಲಿ ಹಾರುತ್ತಿತ್ತೋ. ಅಂದಿನಿಂದ ಪ್ರತಿ ಏಟಿಗೂ ಮೊದಲು ಹಿಡಿ ಅಲ್ಲಾಡಿಸಿ ನೋಡುತ್ತೇನೆ. ಎದುರಿಗೆ, ಪಕ್ಕಕ್ಕೆ ಯಾರನ್ನೂ ನಿಲ್ಲಲು ಬಿಡುವುದಿಲ್ಲ.)

ಎರಡನೇ ದಿನ ಬೆಳಿಗ್ಗೆ ಮರದ ಹಿಡಿಯಲ್ಲಿ ಬಾಳೆ ಕಡಿದೆ. ಹತ್ತಕ್ಕೆ ಒಂಬತ್ತು! ಲೋಹದ ಹಿಡಿಗಿಂತ ಒಂದು ಜಾಸ್ತಿ. ಮಣಿಕಟ್ಟು ಆರಾಮಾಗಿತ್ತು, ಅಲಗು ಗಾಳಿಯಲ್ಲಿ ಹಗುರ ಅನ್ನಿಸಿತು. ಇಲ್ಲಿಗೇ ನಿಲ್ಲಿಸಿದ್ದರೆ ಮರದ ಹಿಡಿಯೇ ಮೇಲು ಅಂತ ಬರೆಯುತ್ತಿದ್ದೆ.

ಆದರೆ ಬಾಳೆ ಎಲ್ಲರನ್ನೂ ಹೊಗಳುತ್ತದೆ. ಅದರಲ್ಲಿ ಇರುವುದು ಬಹುಪಾಲು ನೀರು. ಅಲಗು ಸ್ವಲ್ಪ ಓರೆಯಾಗಿ ಬಿದ್ದರೂ ಬಿಟ್ಟುಕೊಡುತ್ತದೆ. ನಿಜವಾದ ಪರೀಕ್ಷೆ ಒದ್ದೆ ಚಾಪೆ. ಹುಲ್ಲಿನ ಚಾಪೆಯನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಗೂಟಕ್ಕೆ ನಿಲ್ಲಿಸುತ್ತಾರೆ. ಜಪಾನಿನ ಕತ್ತಿವರಸೆಯಲ್ಲಿ ಕಡಿತದ ಅಭ್ಯಾಸ ಮಾಡುವುದು ಇಂಥದ್ದರ ಮೇಲೆಯೇ. ಚಾಪೆ ಸುಳ್ಳು ಹೇಳುವುದಿಲ್ಲ. ಅಲಗು ಬೀಸಿದ ದಾರಿ ಒಂದು, ಹರಿತದ ಮುಖ ಇನ್ನೊಂದು ಕಡೆ ಆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಕಡಿದ ಜಾಗ ಬಾಗಿ ಹೋಗಿರುತ್ತದೆ.

ಮರದ ಹಿಡಿಯಲ್ಲಿ ಹತ್ತು ಏಟಿಗೆ ನಾಲ್ಕು ಚಾಪೆ ಕಡಿದವು. ಮಧ್ಯಾಹ್ನ ಮತ್ತೆ ಕಾಯಿಸಿ ಹಳೇ ಲೋಹದ ಹಿಡಿಯನ್ನೇ ಕೂರಿಸಿದೆವು. ಅದೇ ಅಲಗು, ಅದೇ ಹರಿತ, ಅದೇ ಕೈ. ಎಂಟು ಕಡಿದವು.

ಯಾಕೆ ಅಂತ ಆಗ ಬೆರಳಿಗೆ ಗೊತ್ತಾಯಿತು. ಉರುಟು ಮರದ ಹಿಡಿಯಲ್ಲಿ ಹರಿತ ಯಾವ ಕಡೆ ನೋಡುತ್ತಿದೆ ಅಂತ ಕೈಗೆ ತಿಳಿಯುವುದೇ ಇಲ್ಲ. ಬಾಳೆಯ ರಸ ಹತ್ತಿದ ಮೇಲೆ ಅದು ಅಂಗೈಯಲ್ಲಿ ಉರುಳುತ್ತಿತ್ತು. ತಲವಾರಿನ ಹಿಡಿ ನಡುವೆ ಉಬ್ಬಿದೆ, ಮೇಲೆ ಅಡ್ಡಪಟ್ಟಿ, ಕೆಳಗೆ ಬಿಲ್ಲೆ. ಎರಡರ ನಡುವೆ ಕೈ ಬೀಗ ಹಾಕಿದ ಹಾಗೆ ಕೂರುತ್ತದೆ. ಚಿಕ್ಕದಾಗಿರುವುದು ಅದಕ್ಕೇ. ಕೈ ಸಡಿಲವಾಗಿದ್ದರೆ ಅಲಗೂ ಸಡಿಲ.

ಇದು ಗೊತ್ತಾದ ಮೇಲೆ ಫಿರಂಗಿಯ ಕಥೆಯೂ ಬೇರೆ ಥರ ಕಂಡಿತು. ಫಿರಂಗಿ ಅಂದರೆ ನಮಗೆ ತೋಪು ನೆನಪಾಗುತ್ತದೆ. ಇದು ಕತ್ತಿಯ ಹೆಸರು. ಫರಂಗಿಯವರ ನಾಡಿನ ಅಲಗು ಅಂತ ಅರ್ಥ. 16, 17ನೇ ಶತಮಾನಗಳಲ್ಲಿ ಯೂರೋಪಿನ ಅಲಗುಗಳು ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ದಖ್ಖನಿನವರು, ಮರಾಠರು ಅವನ್ನು ಕೊಂಡರು, ಆದರೆ ಬಂದ ಹಿಡಿಯನ್ನು ಇಟ್ಟುಕೊಳ್ಳಲಿಲ್ಲ. ಕೈಯನ್ನು ಬುಟ್ಟಿಯ ಹಾಗೆ ಮುಚ್ಚುವ ತಮ್ಮದೇ ಹಿಡಿ ಹಾಕಿಸಿದರು. 2023ರಲ್ಲಿ ಲಂಡನ್‌ನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾದ ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿಯ ಅಲಗನ್ನೂ ಜರ್ಮನ್ ಅಲಗುಗಳ ಮಾದರಿಯಲ್ಲೇ ಮಾಡಿದ್ದು ಅಂತ ಹರಾಜಿನವರು ಬರೆದಿದ್ದರು.

ನಾವು ಪರೀಕ್ಷಿಸಿದ ಫಿರಂಗಿಯ ಅಲಗು ನೇರ, ತೆಳು. ಬೆರಳಿಗೆ ಪೂರ್ತಿ ಕಾವಲಿದೆ. ಬಿಲ್ಲೆಯ ಕೆಳಗೆ ಒಂದು ಗಿಡ್ಡ ಕೋಲಿನಂಥ ಬಾಲವಿದೆ, ಬೇಕಾದಾಗ ಎಡಗೈಯಿಂದ ಅದನ್ನು ಹಿಡಿದು ಎರಡು ಕೈಯಲ್ಲಿ ಬೀಸಬಹುದು. ಬಾಳೆಯಲ್ಲಿ ಆರು, ಚಾಪೆಯಲ್ಲಿ ಐದು. ಅಲಗಿನ ಕೊನೆಯ ಒಂದು ಗೇಣಿನಲ್ಲಿ ತಾಗಿದರೆ ಮಾತ್ರ ಚೆನ್ನಾಗಿ ಕಡಿಯುತ್ತದೆ. ಹಿಡಿಗೆ ಹತ್ತಿರ ತಾಗಿದರೆ ಅಲಗು ನಡುಗಿ, ಆ ನಡುಕ ಮೊಣಕೈವರೆಗೆ ಬರುತ್ತದೆ. ಹಸಿ ಬಿದಿರಿನ ಮೇಲೆ ಬೀಸಿದಾಗ ಹರಿತ ಒಂದು ಕಡೆ ಮಡಚಿಕೊಂಡಿತು, ಆಮೇಲೆ ಅದನ್ನು ಬಿದಿರಿಗೆ ಬಳಸಲಿಲ್ಲ. ಆದರೆ ಎರಡು ಕೈ ಸೇರಿಸಿ ಚುಚ್ಚಿದಾಗ ಅದಕ್ಕೆ ಸಮ ಇನ್ನೊಂದು ಕತ್ತಿ ಅಲ್ಲಿರಲಿಲ್ಲ. ಕುದುರೆಯ ಮೇಲಿಂದ, ದೂರದಿಂದ ಬಳಸುವ ಆಯುಧ ಇದು. ನೆಲದ ಮೇಲೆ ನಿಂತು ಬಾಳೆ ಕಡಿಸಿ ಅದಕ್ಕೆ ಅಂಕ ಹಾಕುವುದು ನ್ಯಾಯವಲ್ಲ.

ಬಿದಿರಿನಲ್ಲಿ ಒಡಿಕತ್ತಿ, ಮಚ್ಚು ಎರಡೂ ಒಂದೇ ಏಟಿಗೆ ತುಂಡು ಮಾಡಿದವು. ತಲವಾರೂ ಓರೆಯಾಗಿ ಬೀಸಿದಾಗ ಕಡಿಯಿತು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಹರಿತದ ವಿಷಯದಲ್ಲಿ ಒಂದು ಹಳೇ ಬರಹ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಕ್ಯಾಪ್ಟನ್ ನೋಲನ್ ಅನ್ನುವ ಬ್ರಿಟಿಷ್ ಅಧಿಕಾರಿ. ಬೆಂಗಳೂರು ದಂಡಿನಲ್ಲಿದ್ದ 15ನೇ ಹುಸಾರ್ ಕುದುರೆ ದಳದವನು, 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಾಕ್ಲಾವಾ ಕದನದಲ್ಲಿ ಸತ್ತ. ಅದಕ್ಕೆ ಒಂದು ವರ್ಷ ಮೊದಲು ಕುದುರೆ ಸೈನ್ಯದ ಬಗ್ಗೆ ಪುಸ್ತಕ ಬರೆದಿದ್ದ. ನಿಜಾಮನ ಸವಾರರ ಕತ್ತಿ ಏಟುಗಳು ಎಷ್ಟು ಭಯಂಕರ ಅಂತ ಕೇಳಿ ಅವನು ಆ ಕತ್ತಿಗಳನ್ನೇ ನೋಡಲು ಹೋದ. ನೋಡಿದರೆ ಅಲಗುಗಳು ಬ್ರಿಟಿಷರೇ ಬೇಡವೆಂದು ಎಸೆದವು! ಸವಾರರು ಅವಕ್ಕೆ ತಮ್ಮ ಹಿಡಿ ಹಾಕಿಸಿ, ಕೂದಲು ಬೋಳಿಸುವಷ್ಟು ಸಾಣೆ ಹಿಡಿಸಿ, ಮರದ ಒರೆಯಲ್ಲಿ ಇಟ್ಟಿದ್ದರು. ಕೆಲಸಕ್ಕಲ್ಲದೆ ಹೊರಗೆ ಹಿರಿಯುತ್ತಲೇ ಇರಲಿಲ್ಲ. ಬ್ರಿಟಿಷ್ ಸವಾರನ ಕತ್ತಿ ಇರುತ್ತಿದ್ದದ್ದು ಉಕ್ಕಿನ ಒರೆಯಲ್ಲಿ. ಹೇಗೆ ಬೀಸಲು ಕಲಿಸುತ್ತೀರಿ ಅಂತ ನೋಲನ್ ಕೇಳಿದ್ದಕ್ಕೆ, ಕಲಿಸುವುದೇನಿಲ್ಲ, ಹರಿತವಾದ ಕತ್ತಿ ಯಾರ ಕೈಯಲ್ಲಿದ್ದರೂ ಕಡಿಯುತ್ತದೆ ಅಂತ ಉತ್ತರ ಬಂತಂತೆ.

ಲೋಹದ ಒರೆ ಹರಿತವನ್ನು ಕೆಡಿಸುತ್ತದೆಯೇ ಅನ್ನುವುದನ್ನೂ ಪರೀಕ್ಷೆ ಮಾಡಿದೆವು. ತಗಡಿನಿಂದ ಒಂದು ಒರೆ ಮಾಡಿಸಿಟ್ಟಿದ್ದೆ. ಚಾಪೆ ಕಡಿದ ತಲವಾರನ್ನು ಅದರಲ್ಲಿ ನೂರು ಸಲ ಹಾಕಿ ತೆಗೆದೆವು. ಮೊದಲು ಕಾಗದವನ್ನು ಸರ್ರನೆ ಸೀಳುತ್ತಿದ್ದ ಅಲಗು ಆಮೇಲೆ ಕಾಗದವನ್ನು ಹರಿಯತೊಡಗಿತು. ಚಾಪೆಯಲ್ಲಿ ಎಂಟು ಇದ್ದದ್ದು ಮೂರಕ್ಕೆ ಇಳಿಯಿತು. ನೂರು ಸಲ ಅಂದರೆ ಜಾಸ್ತಿ ಏನಲ್ಲ. ದಿನಕ್ಕೆ ನಾಲ್ಕು ಸಲ ಕವಾಯತಿನಲ್ಲಿ ಹಿರಿದರೆ ಒಂದು ತಿಂಗಳೊಳಗೆ ಅಷ್ಟಾಗುತ್ತದೆ. ಮತ್ತೆ ಸಾಣೆ ಹಿಡಿಯಲು ಒಂದು ಗಂಟೆ ಹಿಡಿಯಿತು. ಅಷ್ಟಾದರೂ ಆ ಉತ್ತರಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ಬಾಳೆಯ ಮಟ್ಟಿಗೆ ಅದು ಸರಿ. ಚಾಪೆಯ ಮುಂದೆ ಅದೇ ಹರಿತ, ಬೇರೆ ಹಿಡಿಯಲ್ಲಿ, ಅರ್ಧಕ್ಕೆ ಇಳಿದದ್ದನ್ನು ಕಣ್ಣಾರೆ ನೋಡಿದೆ. ಆ ಸವಾರರು ಸಾಣೆ ಹಿಡಿಸುವಷ್ಟೇ ಶ್ರದ್ಧೆಯಿಂದ ಹಿಡಿಯನ್ನೂ ಬದಲಿಸಿದ್ದರು. ಚಿಕ್ಕಂದಿನಿಂದ ಕೈಗೆ ಕೂತ ಹಿಡಿ ಅದು, ಅವರಿಗೆ ಹೇಳುವಂಥ ವಿಷಯ ಅನ್ನಿಸಿರಲಿಕ್ಕಿಲ್ಲ.

ಹಾಗಾದರೆ ಉಕ್ಕು? ಎಲ್ಲರೂ ಅದನ್ನು ಕೇಳುತ್ತಾರೆ. ದಕ್ಷಿಣ ಭಾರತದ ಹಳೇ ಮೂಸೆ ಉಕ್ಕಿಗಿರುವ ವೂಟ್ಜ್ ಅನ್ನುವ ಹೆಸರಿನ ಹಿಂದೆ ನಮ್ಮ ಉಕ್ಕು ಅನ್ನುವ ಪದವೇ ಇದೆ ಅಂತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ವೈದ್ಯ ಬುಕಾನನ್, ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ತುಂಡು ಹಾಕಿ ಉಕ್ಕು ಮಾಡುವುದನ್ನು ಬರೆದಿದ್ದಾನೆ. ಅದು ನಮ್ಮ ಹೆಮ್ಮೆಯ ವಿಷಯ, ಅನುಮಾನ ಇಲ್ಲ. ಆದರೆ ನಮ್ಮ ಪರೀಕ್ಷೆಯ ಅಲಗುಗಳೆಲ್ಲ ಲಾರಿಯ ಲೀಫ್ ಸ್ಪ್ರಿಂಗ್ ಬಡಿದು ಮಾಡಿದವು. ಆದ್ದರಿಂದ ಉಕ್ಕಿನ ಬಗ್ಗೆ ಇಲ್ಲಿ ತೀರ್ಪು ಕೊಡುವ ಹಕ್ಕು ನನಗಿಲ್ಲ.

ಕೊನೆಗೆ ಕೌದಿ. ಇದು ನನ್ನ ಹಟ. ಹಿಂದಿನ ಸೈನಿಕರೆಲ್ಲ ಲೋಹದ ಕವಚ ಹಾಕುತ್ತಿರಲಿಲ್ಲ. ಹತ್ತಿ ತುಂಬಿ, ಪದರ ಪದರವಾಗಿ ಹೊಲಿದ ಅಂಗಿ ನಮ್ಮ ಸೆಕೆಯ ನಾಡಿನಲ್ಲಿ ಬಹಳ ಬಳಕೆಯಲ್ಲಿತ್ತು. ಟಿಪ್ಪುವಿನದೇ ಹೊಲಿದ ಶಿರಸ್ತ್ರಾಣ ಇಂದಿಗೂ ಉಳಿದಿದೆ. ನಮ್ಮ ಮನೆಯಲ್ಲಿ ಹಳೇ ಸೀರೆಗಳ ಎಂಟು ಪದರದ ಕೌದಿ ಇತ್ತು, ಹರಿದು ಮೂಲೆ ಸೇರಿದ್ದು. ಅದನ್ನು ಬಾಳೆದಿಂಡಿಗೆ ಸುತ್ತಿದೆವು.

ಎಲ್ಲ ಕತ್ತಿಗಳೂ ಸೋತವು. ಚಾಪೆಯನ್ನು ಬೆಣ್ಣೆಯ ಹಾಗೆ ಕೊಯ್ದ ತಲವಾರು ಮೇಲಿನ ಮೂರು ಪದರ ಸೀಳಿ ನಿಂತಿತು. ಒಡಿಕತ್ತಿ ನಾಲ್ಕು ಪದರ ಕಡಿಯಿತು, ಒಳಗಿನ ದಿಂಡು ಏಟಿಗೆ ಜಜ್ಜಿ ಹೋಗಿತ್ತು, ಆದರೆ ತುಂಡಾಗಲಿಲ್ಲ. ಅಜ್ಜಿಯರು ರಾತ್ರಿಯಿಡೀ ಹಾಕಿದ ಒತ್ತು ಹೊಲಿಗೆ ಎಷ್ಟು ಗಟ್ಟಿ ಅಂತ ಆವತ್ತು ಮನಸ್ಸಿಗೆ ತಾಗಿತು.

ಕಠಾರಿ ಮಾತ್ರ ಎಂಟೂ ಪದರ ದಾಟಿ, ದಿಂಡಿನೊಳಗೆ ಹಿಡಿಯವರೆಗೂ ಹೋಯಿತು. ಅದೂ ಮೊದಲ ಸಲಕ್ಕೇ, ಏನೂ ಕಲಿಯದೆ. ಪಕ್ಕದಲ್ಲಿ ಅಷ್ಟೇ ಉದ್ದದ ಸಾಮಾನ್ಯ ಬಾಕು ತೆಗೆದುಕೊಂಡು ಅದೇ ಜೋರಿನಲ್ಲಿ ಚುಚ್ಚಿದೆ. ಅರ್ಧದಷ್ಟೂ ಹೋಗಲಿಲ್ಲ, ಮಣಿಕಟ್ಟು ಬಾಗಿಬಿಟ್ಟಿತು. ಕಠಾರಿಯ ಹಿಡಿ ಅಲಗಿಗೆ ಅಡ್ಡಲಾಗಿದೆ. ಮುಷ್ಟಿ ಕಟ್ಟಿ ಹಿಡಿದರೆ ಎರಡು ಪಟ್ಟಿಗಳು ಮುಂಗೈಯ ಅಕ್ಕಪಕ್ಕ ಹಿಂದಕ್ಕೆ ಬರುತ್ತವೆ. ಅಲಗು ತೋಳಿನ ನೇರಕ್ಕೆ ನಿಲ್ಲುತ್ತದೆ. ಮುಷ್ಟಿಯ ಗುದ್ದೇ ಮೊನೆಯ ಗುದ್ದು. ದಕ್ಷಿಣದಲ್ಲಿ, ವಿಜಯನಗರದ ಕಾಲದಲ್ಲೇ ಚೆನ್ನಾಗಿ ಬೆಳೆದ ಆಯುಧ ಇದು. ಕೊಂಡಿ ಕೊಂಡಿ ಸೇರಿಸಿದ ಉಕ್ಕಿನ ಬಲೆಯಂಗಿಯನ್ನೂ ಚುಚ್ಚಲೆಂದು ಎಷ್ಟೋ ಕಠಾರಿಗಳ ಮೊನೆಯನ್ನು ದಪ್ಪ ಮಾಡಿರುತ್ತಾರೆ. ಅದನ್ನು ನಾವು ಪರೀಕ್ಷಿಸಲಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಬಲೆಯಂಗಿಗಳ ಕೊಂಡಿಗಳಿಗೆ ರಿವಿಟ್ ಇರುವುದಿಲ್ಲ, ಸುಮ್ನೆ ಬಾಗಿಸಿ ಮುಚ್ಚಿರುತ್ತಾರೆ. ಅದನ್ನು ಚುಚ್ಚಿ ತೋರಿಸುವುದು ಮೋಸ.

ಪಟ್ಟಾ ಕೂಡ ಒಂದಿತ್ತು, ಮೊಣಕೈವರೆಗೆ ಉಕ್ಕಿನ ಕೈಗವಸು ಇರುವ ಉದ್ದ ಕತ್ತಿ. 2024ರಲ್ಲಿ ಮಹಾರಾಷ್ಟ್ರ ಅದನ್ನು ರಾಜ್ಯದ ಆಯುಧ ಅಂತ ಘೋಷಿಸಿತು. ಅದರಲ್ಲಿ ಮಣಿಕಟ್ಟು ಅನ್ನುವುದೇ ಇಲ್ಲವಾಗುತ್ತದೆ, ಇಡೀ ಮೈ ತಿರುಗಬೇಕು. ನಾಲ್ಕು ಏಟು ಬೀಸಿ ಕೆಳಗಿಟ್ಟೆ. ವರ್ಷಗಳ ಅಭ್ಯಾಸ ಬೇಡುವ ಆಯುಧವನ್ನು ಒಂದು ಮಧ್ಯಾಹ್ನದಲ್ಲಿ ಅಳೆಯಬಾರದು.

ಒಂದನ್ನು ಆರಿಸು ಅಂತ ಗೆಳೆಯ ಕೇಳಿದ. ಕಾಡುದಾರಿಯಲ್ಲಿ, ಮರಗಿಡಗಳ ನಡುವೆ ನಡೆಯುವವನಿಗೆ ಒಡಿಕತ್ತಿ. ಯಾರಿಗೆ ಬೇಕಾದರೂ ಒಂದು ಗಂಟೆಯಲ್ಲಿ ಕೈಗೆ ಕೂರುತ್ತದೆ, ಒರೆಯಿಲ್ಲದೆ ಬೆನ್ನಿಗೆ ಅಂಟಿಕೊಂಡಿರುತ್ತದೆ, ಬಾಳೆಗೂ ಬಿದಿರಿಗೂ ಒಂದೇ. ಕಲಿಯಲು ತಾಳ್ಮೆ ಇರುವವನಿಗೆ ತಲವಾರು. ನನಗೆ ತಲವಾರೇ ಇರಲಿ ಅಂದೆ.

ಸಂಜೆ ಎಲ್ಲ ಅಲಗುಗಳ ಬಾಳೆರಸ ಒರೆಸಿ ಎಣ್ಣೆ ಹಚ್ಚಿದೆವು. ಬಾಳೆರಸ ಒಂದು ರಾತ್ರಿ ಉಳಿದರೂ ಕಪ್ಪು ಕಲೆ ಬೀಳುತ್ತದೆ. ದೊಡ್ಡಪ್ಪ ಆಗ ಒಳಗಿನಿಂದ ಮನೆಯ ಹಳೇ ಒಡಿಕತ್ತಿ ತಂದು ತೋರಿಸಿದರು. ಅಲಗು ಸಾಣೆಗೆ ಸವೆದು ಸವೆದು ತೆಳುವಾಗಿತ್ತು. ಹಿಡಿಯ ಮೇಲೆ, ಕಿರುಬೆರಳು ಕೂರುವ ಜಾಗದಲ್ಲಿ, ಒಂದು ಚಿಕ್ಕ ತಗ್ಗು ಬಿದ್ದಿತ್ತು. ಅವರು ಕೈಗೆ ಕೊಟ್ಟಾಗ ನನ್ನ ಬೆರಳೂ ಸರಿಯಾಗಿ ಅಲ್ಲೇ ಹೋಗಿ ಕೂತಿತು.